ನೆಲಕ್ಕೆ ಬಿದ್ದ ಹದಿನೇಳು ಚಿಗುರು

...ಅಲ್ಲ, ಕತ್ರಿದು ಎಂತ ತಪ್ಪಿಲ್ಲ ಬಿಡು ಪವಿ, ಕತ್ರಿಗೆ ಎಂತ ಗೊತ್ತು, ಕೈ ಹೋದ ಕಡೆ ಅದೂ ಹೋಗುತ್ತೆ. ಆ ಬ್ಯಾಗ್ ಕೆಳಗಿಟ್ಟು ಕೂತ್ಕೋ ಇಲ್ಲಿ ಜಗಲಿ ಮೇಲೆ. ನಿಮ್ಮಮ್ಮ ಎಲ್ಲಾ ಹೇಳಿದ್ಲು. ಯಾರದ್ದೋ ಮದುವೆ ಹುಡುಗಿ ಬ್ಲೌಸ್ ಬಟ್ಟೆ ತಪ್ಪು ಕತ್ತರಿಸಿದ್ಯಂತೆ, ಅದನ್ನ ಬ್ಯಾಗಲ್ಲಿ ತುರುಕ್ಕೊಂಡು ಮನೆಗೆ ತಂದಿದ್ಯಂತೆ, ನಾಳೆಯಿಂದ ಟೈಲರ್ ಅಂಗಡಿಗೇ ಹೋಗಲ್ವಂತೆ, ಹುಷಾರಿಲ್ಲ ಅಂತ ಆ ಅಂಗಡಿ ಅಕ್ಕನಿಗೆ ಫೋನ್ ಮಾಡಿಬಿಡ್ತೀಯಂತೆ. ಮಾಡು, ನಾನೇನು ನಿನ್ನ ಫೋನ್ ಕಿತ್ಕೊಳಲ್ಲ. ಆದ್ರೆ ಮೊದ್ಲು ಇದೊಂದು ಕೇಳು. ನನ್ನ ಕೈಲೂ ಒಂದು ಕತ್ರಿ ಇತ್ತು ಮಾರಾಯ್ತಿ, ಬಟ್ಟೆದಲ್ಲ, ಕಾಫಿ ಗಿಡದ ಕೊಂಬೆ ಸವರೋ ಕಸಿ ಕತ್ರಿ. ನಿಮ್ಮಜ್ಜಂದು. ಈಗ್ಲೂ ಒಳಗಿದೆ, ತುಕ್ಕು ಹಿಡಿದಿದೆ, ಎಸೀಬೇಡಿ ಅಂತ ನಾನು ಎಷ್ಟು ಸಲ ಜಗಳ ಮಾಡಿಲ್ಲ ನಿಮ್ಮಮ್ಮನ ಹತ್ರ.

ನಿಮ್ಮಜ್ಜ ಹೋದಾಗ ನಿಮ್ಮಮ್ಮ ಶಾಂತಂಗೆ ಏಳು ವರ್ಷ. ಆರಲ್ಲ, ಏಳು, ಮುಂದಿನ ಹಲ್ಲು ಬಿದ್ದಿತ್ತು, ಹೌದು ಏಳು. ಮಳೆಗಾಲ ಶುರುವಾಗೋ ಮುಂಚೆ ಮರಗಸಿ ಮಾಡ್ತಾರಲ್ಲ, ಕಾಫಿಗೆ ನೆರಳು ಜಾಸ್ತಿ ಆಗ್ಬಾರ್ದು ಅಂತ ದೊಡ್ಡ ಮರಗಳ ಕೊಂಬೆ ಕಡಿಯೋದು, ಆ ಕೆಲಸಕ್ಕೆ ಹತ್ತಿದ್ರು. ಅತ್ತಿ ಮರ. ಹಿಂದಿನ ದಿನ ಒಂದು ಹನಿ ಮಳೆ ಬಿದ್ದಿತ್ತು, ಕೊಂಬೆ ಜಾರ್ತಿತ್ತು. ಬೆಳಗ್ಗೆ ಅಕ್ಕಿ ರೊಟ್ಟಿ ತಿಂದು, ಚಟ್ನಿಗೆ ಉಪ್ಪು ಜಾಸ್ತಿ ಆಯ್ತು ಅಂತ ಬೈದು ಹೋದೋರನ್ನ, ಹತ್ತು ಗಂಟೆಗೆ ಕಂಬಳಿಲಿ ಹೊತ್ಕೊಂಡು ಬಂದ್ರು. ಅದರ ಬಗ್ಗೆ ನಾನು ಜಾಸ್ತಿ ಹೇಳಲ್ಲ. ಆ ಚಟ್ನಿ ಉಪ್ಪು ಮಾತ್ರ ನಾನು ಸಾಯೋವರ್ಗೂ ಮರೆಯಲ್ಲ. ಅಷ್ಟೇ.

ಹದಿನೈದು ದಿನ ಆಯ್ತೋ ಇಲ್ವೋ, ತೋಟದ ಲೆಕ್ಕ ಬರೆಯೋ ರೈಟರ್ರು ಬಂದ್ರು ಲೈನ್ ಮನೆ ಬಾಗಿಲಿಗೆ. ಲೈನ್ ಮನೆ ನೀನು ನೋಡಿಲ್ಲ, ಒಂದೇ ಸಾಲಲ್ಲಿ ಎಂಟು ಮನೆ, ಒಂದೊಂದಕ್ಕೂ ಒಂದೇ ಕೋಣೆ, ಒಂದು ಒಲೆ, ಪಕ್ಕದ ಮನೇಲಿ ಸೀನಿದ್ರೆ ನಮ್ಮನೇಲಿ ಬೆಕ್ಕು ಬೆಚ್ಚಿ ಬೀಳ್ತಿತ್ತು. ರೈಟರ್ರು ಕೆಟ್ಟೋರೇನಲ್ಲ, ಆದ್ರೆ ಮುಖ ನೋಡಿ ಮಾತಾಡೋರಲ್ಲ, ಪಕ್ಕದ ಗೋಡೆ ನೋಡ್ಕೊಂಡು ಮಾತಾಡೋರು. ಗೋಡೆಗೇ ಹೇಳಿದ್ರು, “ದ್ಯಾವಮ್ಮ, ತೋಟದ ಪದ್ಧತಿ ನಿಂಗೂ ಗೊತ್ತಲ್ಲ. ಮನೆ ಕೊಡೋದು ಗಂಡಾಳು ಇರೋ ಸಂಸಾರಕ್ಕೆ. ಈಗ ಮಳೆ, ಎಲ್ಲಿಗೆ ಹೋಗ್ತೀಯ, ಇರು. ಕುಯ್ಲು ಮುಗೀಲಿ. ಆಮೇಲೆ ಬಿಟ್ಕೊಡು, ಬಯಲುಸೀಮೆಯಿಂದ ಒಂದು ಸಂಸಾರ ಬರೋದಿದೆ.” ನಾನು ಕೇಳ್ದೆ, “ಹೆಣ್ಣಾಳಿಗೆ ಮನೆ ಇಲ್ವಾ ರೈಟರ್ರೇ?” “ಹೆಣ್ಣಾಳು ಗಂಡನ ಮನೇಲಿ ಇರ್ತಾಳೆ.” “ಗಂಡ ಇಲ್ದಿದ್ರೆ?” ಅವ್ರು ಗೋಡೆಗೇ “ಬರ್ತೀನಿ” ಅಂತ ಹೇಳಿ ಹೊರಟ್ರು!

ಇದು ಹೊಸದೇನಲ್ಲ ಕಣೆ. ನಮ್ಮಜ್ಜಿ, ನನ್ನ ಅಜ್ಜಿ, ಬಿಳಿ ದೊರೆ ಕಾಲದಲ್ಲಿ ತೋಟಕ್ಕೆ ಬಂದೋಳು. ಆಗ ಈ ರಸ್ತೆ ಎಲ್ಲಿತ್ತು, ಬಸ್ಸೆಲ್ಲಿತ್ತು, ಕಾಡು ಕಡಿದು ಗಿಡ ನೆಡ್ತಿದ್ದ ಕಾಲ. ಹೊಟ್ಟೇಲಿ ಮಗು ಇಟ್ಕೊಂಡು ಗುಂಡಿ ತೆಗೆದಿದ್ದಾಳೆ, ಚಳಿಜ್ವರ ಬಂದು ನಡುಗ್ತಾ ಹಣ್ಣು ಕುಯ್ದಿದ್ದಾಳೆ. ಹೆತ್ತ ಒಂಬತ್ತರಲ್ಲಿ ಉಳಿದಿದ್ದು ಮೂರು. ಅಷ್ಟು ವರ್ಷ ದುಡಿದ್ರೂ ತೋಟದ ಹಾಜರಿ ಪುಸ್ತಕದಲ್ಲಿ, ಚೆಕ್‌ರೋಲು ಅಂತೀವಲ್ಲ, ಅದರಲ್ಲಿ ಅವಳ ಹೆಸ್ರೇ ಇರ್ಲಿಲ್ಲ. “ಕರಿಯನ ಹೆಂಡ್ತಿ” ಅಂತ ಇತ್ತು. ಕರಿಯ ಸತ್ಮೇಲೆ “ಕರಿಯನ ಮಗನ ತಾಯಿ” ಅಂತ ಬರೆದ್ರಂತೆ! ಅಜ್ಜಿ ಅದನ್ನ ಹೇಳಿ ನಗೋಳು. ನಂಗೆ ಚಿಕ್ಕವಯಸ್ಸಲ್ಲಿ ನಗು ಬರೋದು. ರೈಟರ್ರು ಗೋಡೆ ಜೊತೆ ಮಾತಾಡಿ ಹೋದ ದಿನ ನಗು ಬರ್ಲಿಲ್ಲ, ಸಿಟ್ಟು ಬಂತು. ಅಳೋದಕ್ಕಿಂತ ಸಿಟ್ಟು ವಾಸಿ ಕಣೆ, ಸಿಟ್ಟು ಬಂದ್ರೆ ಬೆನ್ನು ನೆಟ್ಟಗಾಗುತ್ತೆ. ಅವತ್ತೇ ತೀರ್ಮಾನ ಮಾಡ್ದೆ, ಈ ಮನೆ ಬಿಡಲ್ಲ. ಎಲ್ಲಿಗೆ ಅಂತ ಹೋಗೋದು? ತವರಲ್ಲಿ ಅಣ್ಣನ ಮನೇಲೇ ಆರು ಜನ, ಒಪ್ಪತ್ತು ಗಂಜಿ. ಶಾಂತ ಆಗಷ್ಟೇ ಶಾಲೆಗೆ ಹೋಗೋಕೆ ಶುರು ಮಾಡಿದ್ಲು, ಲೈನಿಂದ ಶಾಲೆ ಒಂದು ಕೂಗಳತೆ ದೂರ. ಮನೆ ಹೋದ್ರೆ ಶಾಲೆ ಹೋಯ್ತು, ಶಾಲೆ ಹೋದ್ರೆ ಅವಳೂ ನನ್ನ ಹಂಗೆ ಬುಟ್ಟಿ ಕಟ್ಕೋಬೇಕು.

ಆ ಮಳೆಗಾಲ ಹೆಂಗೆ ಕಳೀತು ಅಂತ ಕೇಳ್ಬೇಡ. ಕೆಸುವಿನೆಲೆ, ಕಳಲೆ, ಹಲಸಿನ ಬೀಜ, ಅದೇ ಊಟ. ಕುಯ್ಲು ಬಂತು, ಕುಯ್ದೆ. ಕುಯ್ಲು ಮುಗೀತು. ಕುಯ್ಲಾದ್ಮೇಲೆ ಗಿಡಗಸಿ ಶುರು ಆಗುತ್ತೆ, ಕಾಫಿ ಗಿಡದ ಒಣಗಿದ ರೆಕ್ಕೆ, ಅಂದ್ರೆ ಪಕ್ಕದ ಕೊಂಬೆ, ಅಡ್ಡಾದಿಡ್ಡಿ ಬೆಳೆದ ರೆಕ್ಕೆ ಎಲ್ಲಾ ಕತ್ತರಿಸೋದು, ಒಳಗೆ ಬೆಳಕು ಬೀಳೋ ಹಂಗೆ. ಅದು ಗಂಡಾಳು ಕೆಲಸ. ಹೆಂಗಸ್ರ ಕೈಗೆ ಕಸಿ ಕತ್ರಿ ಕೊಡ್ತಿರ್ಲಿಲ್ಲ. ನಾವು ಏನಿದ್ರೂ ಮಳೆಗಾಲದಲ್ಲಿ ಚಿಗುರು ತೆಗೆಯೋದು, ಬುಡದಿಂದ ನೆಟ್ಟಗೆ ಮೇಲೆ ಹೋಗೋ ಎಳೇ ಚಿಗುರು ಇರುತ್ತಲ್ಲ, ಅದು ಗಿಡದ ಸಾರ ಎಲ್ಲಾ ಕುಡಿಯುತ್ತೆ, ಅದನ್ನ ಕೈಲಿ ಚಿವುಟಿ ಬಿಸಾಕೋದು. ಇನ್ನೊಂದು, ಗಂಡಸ್ರು ಕಸಿ ಮಾಡ್ತಾ ಮುಂದೆ ಹೋದ ಹಂಗೆ ನಾವು ಹಿಂದಿಂದ ಬಿದ್ದ ರೆಕ್ಕೆ ಆರಿಸಿ ಸೌದೆಗೆ ಹೊರೆ ಕಟ್ಟೋದು. ನಿಮ್ಮಜ್ಜನ ಹಿಂದೆ ಹನ್ನೊಂದು ವರ್ಷ ಹಂಗೆ ಸೌದೆ ಆರಿಸಿದ್ದೀನಿ. ಎಲ್ಲಿ ಕಡಿದ್ರು, ಎಂತದ್ದು ಕಡಿದ್ರು, ಎಲ್ಲಾ ನನ್ನ ಕೈ ಮೇಲೆ ಹೋಗಿದೆ. ಕಸಿ ನಂಗೆ ಗೊತ್ತು ಅಂತ ಅಂದ್ಕೊಂಡೆ. ಅಂದ್ಕೊಂಡೆ, ನೋಡು.

ಒಂದು ಬೆಳಗ್ಗೆ ಹಾಜರಿ ಹೊತ್ತಿಗೆ ತೋಟದ ಒಡೆಯ ಸಾವ್ಕಾರ್ರೇ ಅಂಗಳದಲ್ಲಿ ನಿಂತಿದ್ರು. ನಾನು ಸೊಂಟಕ್ಕೆ ನಿಮ್ಮಜ್ಜನ ಕತ್ರಿ ಸಿಕ್ಕಿಸ್ಕೊಂಡು ಗಂಡಸ್ರ ಸಾಲಲ್ಲಿ ಹೋಗಿ ನಿಂತೆ. ಮೇಸ್ತ್ರಿ ನೋಡಿದ್ರು. ಆಳುಗಳ ಕೆಲಸ ನೋಡ್ಕೊಳೋ ದಪ್ಪ ಮೀಸೆ ಮೇಸ್ತ್ರಿ, ಬಾಯಿ ತೆಗೆದ್ರೆ ಹಳ್ಳದ ಆಚೆ ಕೇಳೋದು. “ಏ ದ್ಯಾವಮ್ಮ, ಆ ಕಡೆ ನಿಂತ್ಕೊ, ದಾರಿ ತಪ್ಪಿದ್ಯಾ?” “ಇಲ್ಲ ಮೇಸ್ತ್ರಣ್ಣ, ಸರಿಯಾಗೇ ಬಂದಿದ್ದೀನಿ. ಗಂಡಾಳಿಗೆ ಮನೆ ಅಂದ್ರಲ್ಲ, ಗಂಡಾಳು ಕೆಲಸ ಮಾಡ್ತೀನಿ.” ಎಲ್ಲಾ ನಕ್ರು. ಹೆಂಗಸ್ರೂ ನಕ್ರು, ಅದೇ ಜಾಸ್ತಿ ಉರೀತು. ಮೇಸ್ತ್ರಿ ಅಂದ್ರು, “ಹೆಂಗಸ್ರು ಕತ್ರಿ ಹಾಕಿದ್ರೆ ಗಿಡ ಫಸಲು ಬಿಡಲ್ಲ ಸಾವ್ಕಾರ್ರೇ, ಇದೆಲ್ಲ ಬೇಡ.” ನಾನು ಅಂದೆ, “ಫಸಲು ಕುಯ್ಯೋದು ಹೆಂಗಸ್ರು, ಚಿಗುರು ತೆಗೆಯೋದು ಹೆಂಗಸ್ರು, ಗೊಬ್ಬರ ಹೊರೋದು ಹೆಂಗಸ್ರು. ಕತ್ರಿ ಒಂದು ಕಂಡ್ರೆ ಗಿಡಕ್ಕೆ ನಾಚಿಕೆ ಆಗುತ್ತಾ?” ಸಾವ್ಕಾರ್ರು ನಗ್ಲಿಲ್ಲ. ಅವ್ರು ಮಾತು ಕಮ್ಮಿ. ನನ್ನ ಕತ್ರಿ ಇಸ್ಕೊಂಡು ಅಲಗು ಮುಟ್ಟಿ ನೋಡಿ ವಾಪಸ್ ಕೊಟ್ರು. ಆಮೇಲೆ ಅಂದ್ರು, “ಹಳ್ಳದ ದಂಡೇಲಿ ಇಪ್ಪತ್ತು ಸಾಲು ಮಾಡ್ಲಿ. ಹೂಮಳೆ ಬರೋದ್ರೊಳಗೆ ಮುಗಿಸ್ಬೇಕು. ಕೆಲಸ ಸರಿ ಇದ್ರೆ ಮನೆ ಇರ್ಲಿ. ಇಲ್ಲಾಂದ್ರೆ ನಾನು ಕೇಳೋ ಮೊದ್ಲೇ ಖಾಲಿ ಮಾಡು.” ಹೂಮಳೆ ಗೊತ್ತಲ್ಲ ನಿಂಗೆ, ಬೇಸಿಗೇಲಿ ಒಂದು ಮಳೆ ಬೀಳುತ್ತೆ, ಅದಾಗಿ ಎಂಟು ಒಂಬತ್ತು ದಿನಕ್ಕೆ ಕಾಫಿ ಹೂ ಬಿಡುತ್ತೆ.

ಮೊದಲನೇ ದಿನ ಮೂರು ಸಾಲು ಮುಗಿಸ್ದೆ. ಮೂರು! ಗಂಡಸ್ರಿಗೆ ಸಮ. ಕೈ ಹೆಂಗೆ ಓಡ್ತಿತ್ತು ಅಂತೀಯ, ಒಣಗಿದ್ದು ಕಡಿ, ಒಳಕ್ಕೆ ತಿರುಗಿದ್ದು ಕಡಿ, ಬುಡದಿಂದ ನೆಟ್ಟಗೆ ಎದ್ದಿದ್ದು ಕಂಡ್ರೆ ಕಡಿ. ಪಕ್ಕದ ಸಾಲಿನೋರು ಬೀಡಿ ಸೇದೋಕೆ ಕೂತ್ರೂ ನಾನು ಕೂರ್ಲಿಲ್ಲ. ಮನಸ್ಸಲ್ಲೇ ನಿಮ್ಮಜ್ಜನಿಗೆ ಹೇಳ್ತಿದ್ದೆ, ನೋಡಿ, ನಿಮ್ಮ ಕತ್ರಿ ನನ್ನ ಕೈಗೂ ಒಗ್ಗುತ್ತೆ ಅಂತ. ಸಂಜೆ ಅಭ್ಯಾಸ ಬಲ ನೋಡು, ನಾನು ಕಡಿದಿದ್ದನ್ನ ನಾನೇ ಆರಿಸಿ ಸೌದೆಗೆ ಹೊರೆ ಕಟ್ಟೋಕೆ ಕೂತೆ. ಆರಿಸ್ತಾ ಆರಿಸ್ತಾ ಕೈ ನಿಂತೋಯ್ತು. ಹೊರೇಲಿ ಒಂದು ಕೋಲು ಇತ್ತು. ಬುಡದ ಚಿಗುರೇ, ಆದ್ರೆ ಎಳೇದಲ್ಲ. ಹೆಬ್ಬೆರಳು ದಪ್ಪ, ನನ್ನ ಸೊಂಟದ ಎತ್ತರ, ತೊಗಟೆ ಆಗ್ಲೇ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ವರ್ಷ ಬೆಳೆದಿದ್ದು. ಒಂದು ವರ್ಷ ಯಾರೂ ಮುಟ್ಟದೆ ಚಿಗುರು ಬೆಳೀಬೇಕಾದ್ರೆ ಯಾರೋ ಬೇಕು ಅಂತಲೇ ಬಿಟ್ಟಿರ್ಬೇಕು ತಾನೇ? ಆಗ ಹೊಳೀತು ಮಾರಾಯ್ತಿ. ಹಿಂದಿನ ವರ್ಷ ಆ ಜಾಗಕ್ಕೆ ಚಿಗುರು ತೆಗೆಯೋಕೆ ನಮ್ಮನ್ನ ಬಿಟ್ಟೇ ಇರ್ಲಿಲ್ಲ. ಯಾಕೆ ಅಂತ ನಾವು ಕೇಳೂ ಇರ್ಲಿಲ್ಲ, ಹಳ್ಳದ ಇಂಬಳ, ಆ ಜಿಗಣೆ, ಕಡಿಸ್ಕೊಳೋದು ತಪ್ಪಿತಲ್ಲ ಅಂತ ಖುಷಿ ಪಟ್ಟಿದ್ವಿ. ಅಲ್ಲಿದ್ದಿದ್ದು ಹಳೇ ಗಿಡಗಳು, ಸೋತು ಹೋದ ಗಿಡ. ಅಂಥ ಗಿಡಕ್ಕೆ ಒಂದೇ ಒಂದು ಒಳ್ಳೇ ಚಿಗುರು ಬಿಟ್ಟು, ಅದನ್ನೇ ಹೊಸ ಗಿಡ ಮಾಡ್ಕೋತಾರೆ. ನಾನು ಅದನ್ನೇ ಕಡಿದಿದ್ದೆ. ಹೊರೆ ಬಿಚ್ಚಿ ಎಲ್ಲಾ ಹರಡಿ ಎಣಿಸ್ದೆ. ಹದಿನೇಳು.

ನಂಗೆ ಎಂತ ಅನ್ನಿಸ್ತು ಗೊತ್ತಾ? ಹನ್ನೊಂದು ವರ್ಷ ನಾನು ಕಲ್ತಿದ್ದೆಲ್ಲಾ ನೆಲಕ್ಕೆ ಬಿದ್ದಿದ್ದನ್ನ ನೋಡಿ. ನಿಮ್ಮಜ್ಜ ಎಂತ ಕಡಿದ್ರು ಅಂತ ನಂಗೆ ಗೊತ್ತಿತ್ತು, ಎಂತ ಬಿಟ್ರು ಅಂತ ಗೊತ್ತಿರ್ಲಿಲ್ಲ. ಗಿಡದ ಮೇಲೆ ಉಳಿದಿದ್ದು ನನ್ನ ಹೊರೆಗೆ ಬರ್ತಿರ್ಲಿಲ್ವಲ್ಲ! ತಲೆ ಎತ್ತಿ ಗಿಡ ನೋಡಿದೋಳೇ ಅಲ್ಲ ನಾನು.

ಶಾಂತ ನನ್ನ ಹುಡುಕ್ಕೊಂಡು ಅಲ್ಲಿಗೆ ಬಂದ್ಲು. “ಅಮ್ಮ, ಸೌದೆ ಮನೆಗೆ ತಗೊಂಡು ಹೋಗೋಣ?” ಸುಳ್ಳು ಹೇಳಲ್ಲ, ನನ್ನ ಮನಸ್ಸಲ್ಲೂ ಅದೇ ಬಂತು. ಒಲೆಗೆ ಹಾಕಿದ್ರೆ ಮುಗೀತು. ಗಿಡ ಒಣಗಿತ್ತು, ಚಿಗುರೂ ಒಣಗಿತ್ತು, ಕಡಿದೆ ಅಂದ್ರೆ ಯಾರು ಕೇಳ್ತಾರೆ? ಹದಿನೇಳು ಕೋಲು, ಎರಡು ದಿನದ ಅಡುಗೆ. ಹೊರೆ ಕಟ್ದೆ. ತಲೆ ಮೇಲೆ ಇಟ್ಕೊಂಡೆ. ಲೈನ್ ಕಡೆ ಹತ್ತು ಹೆಜ್ಜೆ ಹಾಕಿದೆ ಕೂಡ. ಆಮೇಲೆ ಇವಳು ಕೇಳಿದ್ಲು, “ಅಮ್ಮ, ನೀನು ಮಾಡಿದ್ದು ಸರಿ ಇದ್ರೆ ಮನೆ ನಮ್ದೇನಾ?” ಸರಿ ಇದ್ರೆ. ಆ ಮಾತು ಚುಚ್ಚಿತು ನೋಡು. ಸುಟ್ಟ ಮೇಲೆ ಮನೆ ಸಿಕ್ಕಿದ್ರೂ, ದಿನಾ ಆ ಒಲೆ ಮುಂದೇನೇ ಕೂರ್ಬೇಕಲ್ಲ ನಾನು. ದಾರಿ ತಿರುಗ್ಸಿದೆ. ಸಾವ್ಕಾರ್ರ ಮನೆ ದಾರಿ.

ಸಾವ್ಕಾರ್ರು ಕಣದಲ್ಲಿ ನಿಂತಿದ್ರು, ಒಣಗಿದ ಕಾಫಿ ರಾಶಿ ಮಾಡಿಸ್ತಾ. ಮೇಸ್ತ್ರೀನೂ ಇದ್ರು. ನಾನು ಹೊರೆ ಅವ್ರ ಮುಂದೆ ಇಳಿಸಿ ಬಿಚ್ಚಿದೆ. “ಹದಿನೇಳು ಇದಾವೆ. ಇವು ಬಿಡ್ಬೇಕಿತ್ತು, ಕಡಿದೆ. ಗೊತ್ತಿಲ್ದೆ ಕಡಿದೆ. ತಪ್ಪು ನಂದು.” ಮೇಸ್ತ್ರಿ ಹಣೆ ಹಣೆ ಚಚ್ಕೊಂಡ್ರು, “ಅಯ್ಯೋ ಅಯ್ಯೋ, ಒಂದು ವರ್ಷ ಕಾಯ್ದಿದ್ನಲ್ಲೋ! ನಾನು ಬೇಡ ಬೇಡ ಅಂತ ಬಡ್ಕೊಂಡೆ ಸಾವ್ಕಾರ್ರೇ!” ಸಾವ್ಕಾರ್ರು ಒಂದು ಕೋಲು ಎತ್ಕೊಂಡು ತಿರುಗಿಸಿ ನೋಡಿದ್ರು. “ನೀನು ಹೇಳ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ ಅಂತ ಅಂದ್ಕೊಂಡ್ಯಾ?” “ಗೊತ್ತಾಗ್ತಿತ್ತು. ಗೊತ್ತಾಗೋ ಮೊದ್ಲು ಹೇಳೋಣ ಅಂತ ಬಂದೆ.” “ಸರಿ, ಹೇಳಿದ್ಯಲ್ಲ. ಈಗ?” ಎಲ್ಲಿಂದ ಧೈರ್ಯ ಬಂತೋ ಕಾಣೆ, ಸೆರಗು ಸಿಕ್ಕಿಸ್ಕೊಂಡು ಹೇಳ್ಬಿಟ್ಟೆ. “ಬೇರಲ್ಲಿ ಜೀವ ಇದೆ. ಮಳೆ ಬಿದ್ರೆ ಬುಡದಿಂದ ಮತ್ತೆ ಒಡೆಯುತ್ತೆ. ಯಾವ ಚಿಗುರು ಬಿಡ್ಬೇಕು ಅಂತ ನಾನೇ ಆರಿಸಿ, ನಾನೇ ಕಾಯ್ತೀನಿ. ಅಲ್ಲೀವರ್ಗೂ ಮನೆ ಬಿಡಲ್ಲ. ಹದಿನೇಳರಲ್ಲಿ ಒಂದು ಸತ್ರೂ ನಾನೇ ಪಾತ್ರೆ ಕಟ್ಕೊಂಡು ಹೋಗ್ತೀನಿ, ರೈಟರ್ರು ಬರೋದು ಬೇಡ.” ಸಾವ್ಕಾರ್ರು ಆ ಕೋಲು ಕೆಳಗಿಟ್ರು. “ಮೇಸ್ತ್ರಿ, ಉಳಿದ ಸಾಲೂ ಇವಳೇ ಮಾಡ್ಲಿ” ಅಂತ ಹೇಳಿ ಒಳಗೆ ಹೋದ್ರು. ಅಷ್ಟೇ. ಹೂಂ ಅಂದ್ರೋ ಊಹೂಂ ಅಂದ್ರೋ ಗೊತ್ತಾಗ್ಲಿಲ್ಲ ನಂಗೆ.

ಮಾರನೇ ದಿನ ಭಾನುವಾರ, ರಜೆ. ನಾನು ಕತ್ರಿ ಮನೇಲಿ ಇಟ್ಟು ತೋಟಕ್ಕೆ ಹೋದೆ. ಎರಡು ಕೈನೂ ಬೆನ್ನ ಹಿಂದೆ ಕಟ್ಕೊಂಡು, ಬೇರೆಯೋರು ಕಸಿ ಮಾಡಿದ ಸಾಲಲ್ಲಿ ಒಂದೊಂದೇ ಗಿಡ ನೋಡ್ತಾ ನಡೆದೆ. ಕೈ ಬಿಟ್ರೆ ಎಲ್ಲಿ ಅಭ್ಯಾಸಕ್ಕೆ ಚಿವುಟುತ್ತೋ ಅಂತ ಭಯ! ನೆಲ ನೋಡ್ಲೇ ಇಲ್ಲ. ಏನು ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ, ಅಷ್ಟೇ ನೋಡಿದ್ದು. ಸಂಜೆ ಹೊತ್ತಿಗೆ ಕುತ್ತಿಗೆ ನೋವು ಬಂತು, ಆದ್ರೆ ಕಸಿ ಅಂದ್ರೆ ಎಂತ ಅಂತ ಅವತ್ತು ಗೊತ್ತಾಯ್ತು ನಂಗೆ. ಉಳಿದ ಹದಿನೇಳು ಸಾಲು ನಿಧಾನಕ್ಕೆ ಮಾಡ್ದೆ. ನೋಡು, ಅದೂ ಹದಿನೇಳೇ, ಈಗ ಹೇಳ್ತಾ ಹೇಳ್ತಾ ಹೊಳೀತು. ಮೇಸ್ತ್ರಿ ಹಿಂದೆ ಹಿಂದೇನೇ ಬಂದು ಗಿಡ ಗಿಡ ಬಗ್ಗಿಸಿ ನೋಡಿದ್ರು, ಬಾಯಿ ಬಿಡ್ಲಿಲ್ಲ. ಆ ಬಾಯಿ ಸುಮ್ನಿದೆ ಅಂದ್ರೆ ಕೆಲಸ ಸರಿ ಇದೆ ಅಂತ ಲೆಕ್ಕ.

ಹೂಮಳೆ ಬಂತು. ಹೂ ಬಿಟ್ಟಾಗ ತೋಟದೊಳಗೆ ಯಾರೂ ಕಾಲಿಡೋ ಹಂಗಿಲ್ಲ, ಹೂ ಉದುರುತ್ತೆ ಅಂತ. ನಾನು ಬೇಲಿ ಹತ್ರ ನಿಂತು ಇಣುಕ್ತಿದ್ದೆ. ಎಲ್ಲಾ ಗಿಡ ಬೆಳ್ಳಗೆ, ಘಮ ಘಮ, ನನ್ನ ಹದಿನೇಳು ಬೋಳು ಬೋಳು. ಆಮೇಲೆ ಮಳೆಗಾಲ. ಮಳೆಗೆ ತಲೆ ಮೇಲೆ ಎಲೆ ಗೊರಬು ಕವುಚ್ಕೊಂಡು ದಿನಾ ಕೆಲಸ ಮುಗಿಸಿ ಹಳ್ಳದ ದಂಡೆಗೆ ಹೋಗೋದು, ಇಂಬಳ ಹತ್ತದ ಹಂಗೆ ಕಾಲಿಗೆಲ್ಲಾ ಸುಣ್ಣ ಹಚ್ಕೊಂಡು. ಒಂದು ಒಡೀತು. ಮೂರು ಒಡೆದ್ವು. ಒಂದೊಂದು ಬುಡದಲ್ಲೂ ಐದಾರು ಚಿಗುರು, ಅದರಲ್ಲಿ ಒಳ್ಳೇದು ಒಂದು ಬಿಟ್ಟು ಉಳಿದಿದ್ದು ಚಿವುಟೋದು. ಆಟಿ ತಿಂಗಳು, ಅದೇ ಆಷಾಢ, ಮುಗಿಯೋ ಹೊತ್ತಿಗೆ ಹದಿನಾರು. ಹದಿನೇಳನೇದು ಒಡೀಲಿಲ್ಲ. ಹದಿನೈದು ದಿನ ಕಾದೆ. ಮಾತಾಡಿಸ್ದೆ ಕೂಡ ಅದರ ಹತ್ರ, ನಗ್ಬೇಡ, ಏಳೇ ತಾಯಿ ಅಂತ ಕೈ ಮುಗ್ದೆ. ಏಳ್ಲಿಲ್ಲ.

ಮಾತು ಕೊಟ್ಟಿದ್ದು ನಾನು. ಎರಡು ಪಾತ್ರೆ, ಚಾಪೆ, ಕಂಬಳಿ ಕಟ್ಟಿ ಬಾಗಿಲ ಹತ್ರ ಇಟ್ಟೆ. ಶಾಂತನ ಸ್ಲೇಟು ಮೇಲೆ ಇಟ್ಟೆ. ಸಾವ್ಕಾರ್ರ ಮುಂದೆ ಹೋಗಿ ಹೇಳ್ದೆ, “ಒಂದು ಹೋಯ್ತು. ಸಾಮಾನು ಕಟ್ಟಿದ್ದೀನಿ.” ಅವ್ರು ಕೊಡೆ ಹಿಡ್ಕೊಂಡು ಹೊರಟ್ರು, ಹಿಂದೆ ಮೇಸ್ತ್ರಿ, ಹಿಂದೆ ನಾನು. ಗಿಡದ ಹತ್ರ ಹೋಗಿ ಸಾವ್ಕಾರ್ರು ಉಗುರಲ್ಲಿ ತೊಗಟೆ ಕೆರೆದ್ರು. ಒಣ. ನಾನು ತಲೆ ತಗ್ಗಿಸ್ದೆ. ಅಷ್ಟರಲ್ಲಿ ಮೇಸ್ತ್ರಿ ಕೂತ್ರು ಮಣ್ಣಲ್ಲಿ, ಕತ್ತಿ ತೆಗೆದು ಆ ಕಾಂಡ ಸೀಳಿದ್ರು. ಒಳಗೆಲ್ಲಾ ಟೊಳ್ಳು, ಹುಳ ಕೊರೆದ ಪುಡಿ, ಒಂದು ಬಿಳೀ ಹುಳ ಇನ್ನೂ ಅಲ್ಲೇ ಇತ್ತು. ಬೋರರ್, ಕಾಂಡ ಕೊರೆಯೋ ಹುಳ. ಆಮೇಲಾಮೇಲೆ ಬೋರರ್ ಗಿಡ ಕಂಡುಹಿಡಿಯೋದ್ರಲ್ಲಿ ಇಡೀ ತೋಟಕ್ಕೆ ನಾನೇ ಎತ್ತಿದ ಕೈ ಆದೆ, ಆದ್ರೆ ಅವತ್ತು ಚಿಗುರು ಚಿಗುರು ಅಂತ ಕಾಂಡವೇ ಕಂಡಿರ್ಲಿಲ್ಲ. ಮೇಸ್ತ್ರಿ ಎದ್ದು ನಿಂತು, ಆ ದೊಡ್ಡ ಬಾಯಲ್ಲಿ, ನನ್ನ ಕಡೆ ನೋಡದೆ ಅಂದ್ರು, “ಇದು ಹುಳದ ಕೆಲಸ ಸಾವ್ಕಾರ್ರೇ. ದ್ಯಾವಮ್ಮನ ಕತ್ರೀದಲ್ಲ. ಅವಳ ಹದಿನಾರೂ ಚೆನ್ನಾಗಿ ಎದ್ದಿದಾವೆ. ನಾನು ಬಿಟ್ಟಿದ್ದಕ್ಕಿಂತ ಇವಳು ಬಿಟ್ಟಿರೋ ಚಿಗುರೇ ಗಟ್ಟಿ.” ಸುಮ್ನಿದ್ದಿದ್ರೆ ಆ ಮನುಷ್ಯನ ಮಾತೇ ಗೆದ್ದಿತ್ತು ನೋಡು. ಸುಮ್ನಿರ್ಲಿಲ್ಲ. ಅವ್ರು ಸತ್ತಾಗ ನಾನು ಕೂತು ಅತ್ತಿದ್ದೀನಿ.

ಸಾವ್ಕಾರ್ರು ಹೆಚ್ಚೇನೂ ಹೇಳ್ಲಿಲ್ಲ. “ಪಾತ್ರೆ ಬಿಚ್ಚು ಹೋಗು, ಮಗು ಊಟ ಮಾಡ್ಲಿ” ಅಂದ್ರು. ಮಾರನೇ ದಿನ ಹಾಜರಿ ಕೂಗೋವಾಗ ರೈಟರ್ರು ನಿಮ್ಮಜ್ಜನ ಹೆಸ್ರು ಹಿಡಿದು “ತಿಮ್ಮನ ಹೆಂಡ್ತಿ” ಅನ್ಲಿಲ್ಲ. “ದ್ಯಾವಮ್ಮ, ಕಸಿ” ಅಂದ್ರು. ನನ್ನ ಮುಖ ನೋಡಿ ಅಂದ್ರು, ಗೋಡೆ ನೋಡಿ ಅಲ್ಲ! ನಂಗೆ ನಮ್ಮಜ್ಜಿ ನೆನಪಾದ್ಲು. “ಬಂದಿದ್ದೀನಿ” ಅಂತ ಎಷ್ಟು ಜೋರಾಗಿ ಕೂಗ್ದೆ ಅಂದ್ರೆ ಸಾಲಲ್ಲಿದ್ದೋರೆಲ್ಲಾ ತಿರುಗಿ ನೋಡಿದ್ರು. ಆ ಮನೇಲೇ ಇಪ್ಪತ್ತಾರು ವರ್ಷ ಇದ್ದೆ, ನಿಮ್ಮಮ್ಮ ಓದಿದ್ದು, ಮದುವೆ ಆಗಿದ್ದು, ನೀನು ಹುಟ್ಟಿ ತೊಟ್ಟಿಲಲ್ಲಿ ಮಲಗಿದ್ದು, ಎಲ್ಲಾ ಅಲ್ಲೇ.

ಏನು? ಬಟ್ಟೆ ಚಿಗುರಲ್ಲ ಅಂತೀಯಾ? ಗೊತ್ತು ಮಾರಾಯ್ತಿ, ನಂಗೇನು ಅರಳುಮರಳಾ! ಎಲ್ಲಾ ಚಿಗುರುತ್ತೆ ಅಂತ ಖಾತ್ರಿ ಇದ್ದು ನಾನು ಸಾವ್ಕಾರ್ರ ಹತ್ರ ಹೋಗ್ಲಿಲ್ಲ, ಹದಿನೇಳನೇದು ಚಿಗುರಲೂ ಇಲ್ಲ. ಆ ಅಕ್ಕ ಬೈತಾಳೆ, ಬೈಸ್ಕೋ. ತೋಳು ಗಿಡ್ಡ ಆದ್ರೆ ಜರಿ ಪಟ್ಟಿ ಕೊಡೋಕಾಗುತ್ತಾ ನೋಡು, ಆಗದಿದ್ರೆ ಅದೇ ಬಣ್ಣದ ಬಟ್ಟೆ ಹುಡುಕಿ ತಂದು ರಾತ್ರಿ ಹಗಲು ಕೂತು ಹೊಲ್ಕೊಡು. ಬೆಳಗ್ಗೆ ಮೊದಲನೇ ಬಸ್ಸಿಗೇ ಮೂಡಿಗೆರೆಗೆ ಹೋಗು. ಬಟ್ಟೆ ಬ್ಯಾಗಿಂದ ಆಚೆ ತೆಗಿ, ಕೈಲಿ ಕಾಣೋ ಹಂಗೆ ಹಿಡ್ಕೊಂಡು ಒಳಗೆ ಹೋಗು. ನಮ್ಮ ಕೈಯಿಂದ ಆದ ತಪ್ಪನ್ನ ಒಲೆಗೆ ಹಾಕ್ಬಾರ್ದು ಕಣೆ, ತಲೆ ಮೇಲೆ ಹೊತ್ಕೊಂಡು ಹೋಗಿ ಅವ್ರ ಅಂಗಳದಲ್ಲೇ ಇಳಿಸ್ಬೇಕು. ಏಳು ಈಗ, ಆ ಫೋನ್ ಒಳಗಿಟ್ಟು ಕಾಫಿಗೆ ನೀರಿಡು.